ಹೊಳೆಯ ಮೇಲೆ ಎರಡು ದಿನ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನನ್ನ ಅಕ್ಕನ ಮೊಮ್ಮಗ ಊರಿಗೆ ಬಂದಿದ್ದ. ಕೆನಡಾ ದೇಶದಲ್ಲಿ ಹುಟ್ಟಿ ಬೆಳೆದ ಹದಿನೆಂಟರ ಹುಡುಗ. ಮನೆಯಲ್ಲಿ ಕನ್ನಡವನ್ನೇ ಆಡುವ ತಾಯಿತಂದೆಯರಾದ್ದರಿಂದ ಅವನೊಡನೆ ಮಾತಿಗೆ ತೊಡಕಿರಲಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನನ್ನ ಸೋದರಮಾವನ ಊರು. ಸಂಗೀತವನ್ನು ಬಲ್ಲವರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ; ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು ಅದು. ವಿದ್ವಾನ್ ಆರ್. ಕೆ. ಪದ್ಮನಾಭ ಅವರ ಶ್ರದ್ಧೆಯಿಂದ ತಂಬೂರಿಯ ಆಕಾರದಲ್ಲಿ ಎದ್ದು ನಿಂತ ಸಪ್ತಸ್ವರ ಮಂದಿರವನ್ನು ಹುಡುಗನಿಗೆ ತೋರಿಸಿದೆ. ಸಂಜೆ ಇಬ್ಬರೂ ಕಾವೇರಿಯ ಸೋಪಾನದ ಮೇಲೆ ಕುಳಿತೆವು. ಮೀನು ಹಿಡಿಯುವವನೊಬ್ಬ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುತ್ತಿದ್ದ. ಹುಡುಗ ಅದನ್ನೇ ನೋಡುತ್ತಿದ್ದು, ಕೇಳಿದ:

"ತಾತ, ನಮ್ಮಲ್ಲಿ ದೋಣಿಗೆ ಸಾಮಾನು ತುಂಬಿಕೊಂಡು ನಾಲ್ಕಾರು ದಿನ ಕಾಡಿನ ಸರೋವರಗಳಲ್ಲಿ ತಿರುಗುತ್ತೇವೆ. ರಾತ್ರಿ ದಡದಲ್ಲೇ ಬಿಡಾರ. ನಿಮ್ಮ ಹೊಳೆಯಲ್ಲಿ ಹಾಗೆ ಹೋಗುವುದಕ್ಕೆ ಆಗುವುದಿಲ್ಲವೆ?"

"ಆಗುತ್ತದೆ" ಎಂದೆ. ಅನಂತರ ಸ್ವಲ್ಪ ಹೊತ್ತು ನನಗೆ ಮಾತು ಬರಲಿಲ್ಲ. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ. ಅವನ ಪ್ರಶ್ನೆ ನಮ್ಮ ನಾಡಿನ ಬೇರೆ ತರುಣರಲ್ಲಿಯೂ ಏಳಬಹುದಾದದ್ದು. ಆದ್ದರಿಂದ ಹೊಳೆಯ ಮೇಲಿನ ಪ್ರಯಾಣವನ್ನು ಹೇಗೆ ಯೋಜಿಸಬೇಕು, ಹೇಗೆ ಸವಿಯಬೇಕು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ವಾಹನದ ವಿಚಾರ. ಹುಡುಗ ಹೇಳಿದ ದೋಣಿಗೆ ಕೆನೂ ಎಂದು ಹೆಸರು. ಉದ್ದವಾದ, ಎರಡು ತುದಿಯೂ ಚೂಪಾದ ಹಗುರ ದೋಣಿ. ಅಲ್ಲಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಅದನ್ನು ಕಟ್ಟುತ್ತಿದ್ದರು. ನಮ್ಮದು ಬಿದಿರಿನ ಸೀಳುಗಳಿಂದ ಹೆಣೆದ ಬುಟ್ಟಿ. ಅಡ್ಡಗಲ ಆರೇಳು ಅಡಿ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಬಳಿಕ ಪ್ಲಾಸ್ಟಿಕ್ ಹಾಳೆಯೂ ಡಾಮರೂ ಬಂದುವು. ಈಗ ಗಾಜಿನ ನಾರಿನಿಂದ ಎರಕಹೊಯ್ದ ಹರಿಗೋಲುಗಳೂ ಬಂದಿವೆ. ವಿಜಯನಗರವನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯನ್ನು ದಾಟಿಸುವ ಈ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲುವು, ಆದರೆ ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಅವನು ಬರೆದದ್ದು ಇಂದಿಗೂ ನಿಜ. ಅಂಬಿಗನು ಮುಂಭಾಗದಲ್ಲಿ ಕುಳಿತು ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತಾನೆ. ಅವನು ಕೈಬಿಟ್ಟ ಕ್ಷಣವೇ ಹರಿಗೋಲು ಬುಗುರಿಯಾಗುತ್ತದೆ.

ಈ ಬಗೆಯ ದೋಣಿ ನಮ್ಮ ನಾಡಿಗೇ ಮೀಸಲಾದುದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಬ್ಯಾಬಿಲೋನಿಗೆ ಸರಕು ತರುತ್ತಿದ್ದ ದುಂಡನೆಯ ತೊಗಲುದೋಣಿಗಳ ಸಂಗತಿ ಹೇಳುತ್ತಾನೆ. ಪ್ರತಿಯೊಂದು ದೋಣಿಯಲ್ಲಿಯೂ ಒಂದು ಕತ್ತೆ ಇರುತ್ತಿತ್ತಂತೆ. ಊರು ಸೇರಿ ಸರಕು ಮಾರಿದ ಮೇಲೆ ದೋಣಿಯ ಮರದ ಚೌಕಟ್ಟನ್ನೂ ಮಾರಿ, ತೊಗಲನ್ನು ಮಡಿಸಿ ಕತ್ತೆಯ ಮೇಲೆ ಹೇರಿ, ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಪ್ರವಾಹದ ಎದುರು ಆ ದೋಣಿ ಹೋಗಲಾರದಲ್ಲ! ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ನಗುತ್ತಿದ್ದರು. ಆದರೆ ಹೊಳೆಯ ಪ್ರಯಾಣದ ಮೊದಲ ಪಾಠ ಆ ಕತ್ತೆಯಲ್ಲಿದೆ. ಹೊಳೆ ನಮ್ಮನ್ನು ಕರೆದೊಯ್ಯುವುದು ಖಂಡಿತ. ಹಿಂದಕ್ಕೆ ತಂದು ಬಿಡುವುದು ಅದರ ಕೆಲಸವಲ್ಲ. ಆ ವ್ಯಾಪಾರಿಗಳು ಹೊರಡುವ ಮೊದಲೇ ಎಲ್ಲಿ ಇಳಿಯಬೇಕು, ಹೇಗೆ ಮರಳಬೇಕು ಎಂದು ಯೋಚಿಸಿರುತ್ತಿದ್ದರು. ನಾನು ಒಮ್ಮೆ ಯೋಚಿಸಲಿಲ್ಲ.

1986ರ ಮಾತು. ನನಗೆ ಆಗ ಉಪನ್ಯಾಸಕ ವೃತ್ತಿಯ ಮೊದಲ ವರ್ಷಗಳು. ಆಷಾಢದಲ್ಲಿ ಐವರು ವಿದ್ಯಾರ್ಥಿಗಳನ್ನು ಕರೆದುಕೊಂಡು ರುದ್ರಪಟ್ಟಣಕ್ಕೆ ಬಂದೆ. ಹರಿಗೋಲಿನಲ್ಲಿ ಕೆಳಮುಖವಾಗಿ ಹೋಗುವುದು, ಕತ್ತಲಾಗುವ ವೇಳೆಗೆ ಎಲ್ಲಾದರೂ ದಡ ಹಿಡಿಯುವುದು, ರಾತ್ರಿ ಅಲ್ಲೇ ಕಳೆಯುವುದು: ನಮ್ಮ ಯೋಜನೆಯೆಂದರೆ ಇಷ್ಟೆ. ಅಂಬಿಗರ ಅಜ್ಜ ನೀರಿಗೆ ಕೈಯಿಟ್ಟು ನೋಡಿ ತಲೆ ಅಲ್ಲಾಡಿಸಿದ. "ಕೆಂಪು ನೀರು ಬತ್ತಾ ಐತೆ ಮೇಷ್ಟ್ರೇ. ಮ್ಯಾಲೆ ಕೊಡಗ್ನಾಗೆ ಹುಯ್ದೈತೆ. ಇವತ್ತು ಬ್ಯಾಡಿ" ಎಂದ. ರುದ್ರಪಟ್ಟಣದ ಮೇಲೆ ಬಿಸಿಲು ಕಾಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ನಾನು ನಕ್ಕೆ. ಹುಡುಗರು ಅಷ್ಟು ದೂರದಿಂದ ಬಂದಿದ್ದಾರೆ ಎಂದೆ. ಇನ್ನಷ್ಟು ಹಣ ಕೊಡುವುದಾಗಿ ಹೇಳಿದೆ. ಬಡವನಿಗೆ ಮೇಷ್ಟ್ರ ಮಾತನ್ನು ಮೀರುವುದೂ ಕಷ್ಟ, ಹಣವನ್ನು ಬಿಡುವುದೂ ಕಷ್ಟ. ಅಜ್ಜ ಹುಟ್ಟು ತೆಗೆದುಕೊಂಡ.

ಅರ್ಧ ಗಂಟೆ ಕಳೆಯುವುದರೊಳಗೆ ಸೆಳವು ನಮ್ಮ ಕೈಮೀರಿತು. ಇಳಿಯಬಹುದಾಗಿದ್ದ ಎರಡು ಕಡೆ ದಡಕ್ಕೆ ತಿರುಗಲಾಗಲಿಲ್ಲ. ನೀರೊಳಗಿನ ಬಂಡೆಯೊಂದಕ್ಕೆ ಹರಿಗೋಲು ತಗುಲಿ ಓರೆಯಾದಾಗ ಹುಡುಗರು ಹೆದರಿ ಎದ್ದು ನಿಂತು ಒಂದೇ ಮಗ್ಗುಲಿಗೆ ವಾಲಿದರು. ಅಷ್ಟೇ ಸಾಕಾಯಿತು. ಐವರಲ್ಲಿ ಒಬ್ಬನಿಗೆ ಈಜು ಬರುತ್ತಿರಲಿಲ್ಲ. ಗೆಳೆಯರ ಮುಂದೆ ಹೇಳಲು ನಾಚಿಕೊಂಡು ಮುಚ್ಚಿಟ್ಟಿದ್ದ. ನಾನೂ ಕೇಳಿರಲಿಲ್ಲ. ಅಜ್ಜ ಒಂದು ಕೈಯಿಂದ ಅವನ ಅಂಗಿಯನ್ನು ಹಿಡಿದು, ಇನ್ನೊಂದು ಕೈಯಿಂದ ನೀರಿಗೆ ಬಾಗಿದ್ದ ಹೊಳೆಮತ್ತಿಯ ಕೊಂಬೆಯನ್ನು ಹಿಡಿದ. ಉಳಿದವರು ಬೋರಲಾದ ಹರಿಗೋಲನ್ನು ತಬ್ಬಿಕೊಂಡು ಸ್ವಲ್ಪ ಕೆಳಗೆ ಮರದ ಬೇರುಗಳಿಗೆ ಸಿಕ್ಕಿಕೊಂಡೆವು. ಎಲ್ಲರೂ ಉಳಿದೆವು. ಆದರೆ ಅಜ್ಜನ ಬಲಗೈ ಆ ಮೇಲೆ ಹೆಗಲಿನ ಮಟ್ಟಕ್ಕಿಂತ ಮೇಲಕ್ಕೆ ಏಳಲಿಲ್ಲ. ಅವನು ಮತ್ತೆ ಹುಟ್ಟು ಹಿಡಿಯಲಿಲ್ಲ. ಚಿಕಿತ್ಸೆಯ ವೆಚ್ಚ ಕೊಟ್ಟೆ. ಅದರಿಂದ ಕೈ ಬರಲಿಲ್ಲ. ಒಮ್ಮೆ ನೋಡಲು ಹೋದಾಗ ಅವನು ನನ್ನನ್ನು ಬಯ್ಯಲೂ ಇಲ್ಲ. "ಹೊಳೆ ಎಲ್ಲೀಗ್ ಓಡೋಯ್ತಿತ್ತು ಮೇಷ್ಟ್ರೇ? ಮಾರ್ಗಸಿರಕ್ಕೂ ಇಲ್ಲೇ ಇರ್ತಿತ್ತು" ಎಂದಷ್ಟೇ ಹೇಳಿದ.

ಈಗ ಹೇಳಹೊರಟಿರುವುದೆಲ್ಲ ಆ ಒಂದು ಮಾತಿನ ವಿವರಣೆ.

ಮೊದಲನೆಯದು ಕಾಲ. ಕಾವೇರಿಯ ನೀರು ರುದ್ರಪಟ್ಟಣದ ಮೋಡವನ್ನು ನೋಡಿಕೊಂಡು ಏರುವುದಿಲ್ಲ. ಕೊಡಗಿನ ಬೆಟ್ಟಗಳ ಮಳೆಯನ್ನು ನೋಡಿ ಏರುತ್ತದೆ. ಅಲ್ಲಿ ಬಿದ್ದ ಮಳೆ ಇಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಇಲ್ಲಿ ಬಿಸಿಲಿರಬಹುದು. ಹಾರಂಗಿ ನದಿಯು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಜಲಾಶಯ ತುಂಬಿ ಬಾಗಿಲು ತೆರೆದರೂ ಕೆಳಗೆ ನೀರು ಏರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮಳೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಳೆಯ ಪ್ರಯಾಣದ ಮಾತೇ ಬೇಡ. ಮಾರ್ಗಶಿರ, ಪುಷ್ಯ, ಮಾಘಗಳು ತಕ್ಕ ಕಾಲ. ನೀರು ತಿಳಿಯಾಗಿರುತ್ತದೆ, ಬಂಡೆಗಳು ಕಾಣುತ್ತವೆ, ಬಿಸಿಲು ಹಿತವಾಗಿರುತ್ತದೆ. ಬೇಸಿಗೆ ಬಲಿತಮೇಲೆ ನೀರು ಸಾಲದೆ ಹರಿಗೋಲು ಕಲ್ಲಿನ ಮೇಲೆ ಉಜ್ಜುತ್ತದೆ. ಆ ಕಾಲದಲ್ಲಿಯೂ ಹೊರಡುವ ದಿನ ನೀರಿನ ಬಣ್ಣವನ್ನು ನೋಡಬೇಕು. ತೇಲಿಬರುವ ಕಸಕಡ್ಡಿಯನ್ನು ನೋಡಬೇಕು. ಹಿಂದಿನ ಸಂಜೆ ದಡದಲ್ಲಿ ನೆಟ್ಟ ಕಡ್ಡಿ ಬೆಳಗಿಗೆ ಮುಳುಗಿದೆಯೇ ಎಂದು ನೋಡಬೇಕು.

ಎರಡನೆಯದು ಇಳಿಯುವ ಘಟ್ಟ. ಹತ್ತುವ ಘಟ್ಟವನ್ನು ಆಮೇಲೆ ಆರಿಸಿಕೊಳ್ಳಬಹುದು. ಇಳಿಯುವ ಘಟ್ಟವನ್ನು ಮೊದಲು ಗೊತ್ತುಮಾಡಬೇಕು. ಅದಕ್ಕೆ ಒಂದು ದಿನ ರಸ್ತೆಯ ಮೇಲೆ ಹೋಗಿ, ಕಾಲುದಾರಿಯಲ್ಲಿ ಹೊಳೆಗಿಳಿದು, ಕಣ್ಣಾರೆ ನೋಡಿ ಬರಬೇಕು. ನೀರಿನಿಂದ ನೋಡಿದಾಗ ಗುರುತು ಸಿಗುವಂಥ ಮರವನ್ನೋ ಮಂಟಪವನ್ನೋ ನೆನಪಿಟ್ಟುಕೊಳ್ಳಬೇಕು. ಅದು ತಪ್ಪಿದರೆ ಎಂದು, ಅದಕ್ಕೂ ಮೊದಲೇ ಇನ್ನೊಂದು ಘಟ್ಟವನ್ನು ಗೊತ್ತುಮಾಡಿಕೊಂಡಿರಬೇಕು.

ಇಲ್ಲಿ ಊರುಗಳ ಹೆಸರು ನಮಗೆ ನೆರವಾಗುತ್ತವೆ. ಭಾಷೆಯ ಮೇಷ್ಟರಾದ ನನಗೆ ಇದು ಹೊಳೆಯಲ್ಲಿ ಸಿಕ್ಕ ಸಂತೋಷ. ಮಡು ಎಂದರೆ ಆಳವಾದ ಜಾಗ. ಅಲ್ಲಿ ನೀರು ನಿಂತಂತೆ ಕಾಣುತ್ತದೆ, ಈಜಲು ಕರೆಯುತ್ತದೆ, ಆದರೆ ಇಳಿಯಬಾರದು. ಕಟ್ಟೆ ಎಂದರೆ ನದಿಗೆ ಅಡ್ಡವಾಗಿ ಹಾಕಿದ ಒಡ್ಡು. ಹಿಂದಿನವರು ಅದರಿಂದ ನೀರನ್ನು ತಿರುಗಿಸಿ ನಾಲೆಗೆ ಬಿಟ್ಟು ಗದ್ದೆಗಳನ್ನು ಬೆಳೆದರು. ಅರಕಲಗೂಡು ತಾಲ್ಲೂಕಿನಲ್ಲಿಯೇ ಕಟ್ಟೇಪುರವಿದೆ. ಕೆಳಗೆ ಚುಂಚನಕಟ್ಟೆಯಿದೆ. ಇನ್ನೂ ಕೆಳಗೆ ಸಾಗರಕಟ್ಟೆ. ರೈತನಿಗೆ ಕಟ್ಟೆ ಅನ್ನ ಕೊಡುವ ಮಾತು. ಹರಿಗೋಲಿನಲ್ಲಿ ಕುಳಿತವನಿಗೆ ಎಚ್ಚರಿಕೆಯ ಮಾತು. ಮೇಲಿನಿಂದ ಬರುವವನ ಕಣ್ಣಿಗೆ ಒಡ್ಡು ಕಾಣುವುದಿಲ್ಲ. ನೀರಿನ ಮೇಲೆ ಎಳೆದ ಒಂದು ಗೆರೆ ಮಾತ್ರ ಕಾಣುತ್ತದೆ. ಒಡ್ಡು ಆಳುದ್ದವಿಲ್ಲದಿದ್ದರೂ ಅದರ ಬುಡದಲ್ಲಿ ಬಿದ್ದ ನೀರು ಮತ್ತೆ ಒಡ್ಡಿನ ಕಡೆಗೇ ಮಗುಚಿಕೊಳ್ಳುತ್ತದೆ. ಅಲ್ಲಿ ಸಿಕ್ಕಿದ ಮರದ ದಿಮ್ಮಿ ಕೂಡ ಗಂಟೆಗಟ್ಟಲೆ ಉರುಳುತ್ತಲೇ ಇರುತ್ತದೆ. ಮನುಷ್ಯನ ಪಾಡನ್ನು ಹೇಳಬೇಕಾಗಿಲ್ಲ. ಚುಂಚನಕಟ್ಟೆಯಲ್ಲಂತೂ ಕಾವೇರಿ ಸುಮಾರು ಅರವತ್ತು ಅಡಿ ಕೆಳಕ್ಕೆ ಧುಮುಕುತ್ತಾಳೆ. ರುದ್ರಪಟ್ಟಣದಿಂದ ಕೆಳಮುಖವಾಗಿ ಹೊರಟವರು ಅದಕ್ಕೆ ಬಹಳ ಮೊದಲೇ ಪ್ರಯಾಣವನ್ನು ಮುಗಿಸಬೇಕು. ನಡುವೆ ಒಡ್ಡು ಸಿಕ್ಕರೆ ದಡಕ್ಕೆ ಬಂದು, ಇಳಿದು, ಹರಿಗೋಲನ್ನು ಹೊತ್ತು ದಾಟಬೇಕು. ಕೆನಡಾದವರು ಸರೋವರದಿಂದ ಸರೋವರಕ್ಕೆ ಕೆನೂವನ್ನು ಹೆಗಲ ಮೇಲೆ ಹೊತ್ತೊಯ್ಯುತ್ತಾರೆ. ನಮ್ಮ ಅಂಬಿಗ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಆಮೆಯಂತೆ ನಡೆಯುತ್ತಾನೆ. ಹೊಳೆಯ ವಿದ್ಯೆ ಎಲ್ಲ ಕಡೆಯೂ ಒಂದೇ.

ಮೂರನೆಯದು ಜನ ಮತ್ತು ಸಾಮಾನು. ಅಂಬಿಗನಲ್ಲದೆ ಒಂದು ಹರಿಗೋಲಿಗೆ ನಾಲ್ವರು ಸಾಕು. ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬಾಯಿಬಿಟ್ಟು ಕೇಳಬೇಕು. ಬರುವವರೂ ಬಾರದವರೂ ಜೀವರಕ್ಷಕ ಅಂಗಿಯನ್ನು ತೊಡಬೇಕು, ತೊಟ್ಟದ್ದನ್ನು ಬಿಚ್ಚಬಾರದು. ನೆಲದ ಮೇಲೆ ಕುಳಿತಿರಬೇಕು. ಏನೇ ಆದರೂ ಏಳಬಾರದು. ಭಾರವಾದದ್ದು ನಡುವೆ, ಹಗುರವಾದದ್ದು ಅಂಚಿಗೆ. ಅಕ್ಕಿಬೇಳೆ, ಹೊದಿಕೆ, ಒಣಬಟ್ಟೆಗಳನ್ನು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ ಹರಿಗೋಲಿನ ಹೆಣಿಗೆಗೆ ಕಟ್ಟಬೇಕು. ಇಪ್ಪತ್ತು ಮಾರು ಹಗ್ಗ, ಬ್ಯಾಟರಿ ದೀಪ, ಔಷಧದ ಪೆಟ್ಟಿಗೆ, ಒದ್ದೆಯಾಗದಂತೆ ಕಟ್ಟಿದ ಬೆಂಕಿಪೊಟ್ಟಣಗಳು ಬೇಕು. ಆಹಾರಕ್ಕೆ ನಮ್ಮ ಹಿರಿಯರ ಬುತ್ತಿಯೇ ಲೇಸು: ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ನಿಂಬೆಹಣ್ಣು. ಒಲೆ ಹೊತ್ತದಿದ್ದರೂ ಹಸಿವು ಅಡಗುತ್ತದೆ. ಕುಡಿಯುವ ನೀರನ್ನು ಒಯ್ಯಬೇಕು. ಹೊಳೆಯ ನೀರನ್ನು ಕಾಯಿಸದೆ ಕುಡಿಯಬಾರದು. ಮೀನು ಹಿಡಿದು ಊಟ ಮಾಡುವ ಯೋಚನೆ ಬೇಡ. ಹತ್ತಿರದ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಮೀನುಗಳನ್ನು ಭಕ್ತರು ಕಾಪಾಡಿಕೊಂಡು ಬಂದಿದ್ದಾರೆ. ಕಾವೇರಿಯ ಡುಬ್ಬದ ಮಹಶೀರ್ ಮೀನಿಗೆ ಶಾಸ್ತ್ರೀಯವಾದ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ನಾಲ್ಕನೆಯದು ಬಿಡಾರ. ಸಂಜೆ ನಾಲ್ಕಕ್ಕೆ ದಡ ಸೇರಬೇಕು. ಕತ್ತಲೆಯಲ್ಲಿ ಸ್ಥಳ ಹುಡುಕಬಾರದು. ಹೊಳೆಯ ನಡುವಿನ ಮರಳದಿಣ್ಣೆ ಎಷ್ಟೇ ಸುಂದರವಾಗಿದ್ದರೂ ಅಲ್ಲಿ ಮಲಗಬಾರದು. ರಾತ್ರಿ ನೀರು ಬಂದರೆ ಎಚ್ಚರವಾಗುವುದು ನೀರಿನಲ್ಲೇ. ದಡದ ಪೊದೆಗಳ ಕೊಂಬೆಗಳಲ್ಲಿ ಹಿಂದಿನ ಪ್ರವಾಹದ ಹುಲ್ಲುಕಡ್ಡಿ ಸಿಕ್ಕಿಕೊಂಡಿರುತ್ತದೆ. ಅದು ಹೊಳೆ ತಾನೇ ಬರೆದಿಟ್ಟ ಮಟ್ಟದ ಗುರುತು. ಅದಕ್ಕಿಂತ ಎತ್ತರದಲ್ಲಿ ಹಾಸಿಗೆ ಬಿಚ್ಚಬೇಕು. ಜಮೀನಿನ ಒಡೆಯರನ್ನು ಕೇಳಬೇಕು. ಎಲ್ಲಿರುತ್ತೇವೆಂದು ಊರಿನಲ್ಲಿ ತಿಳಿಸಬೇಕು. ಮೊಸಳೆ, ಹಾವುಗಳ ವಿಚಾರ ಆ ದಡದವರಿಗೆ ಗೊತ್ತಿರುತ್ತದೆ. ಅವರನ್ನು ಕೇಳದೆ ನೀರಿಗೆ ಇಳಿಯಬಾರದು. ಶೌಚಕ್ಕೆ ನೀರಿನಿಂದ ಇನ್ನೂರು ಅಡಿಯಾದರೂ ದೂರ ಹೋಗಬೇಕು. ಬೆಂಕಿಯನ್ನು ಚಿಕ್ಕದಾಗಿ ಹಾಕಿ, ಹೊರಡುವಾಗ ನೀರು ಸುರಿದು ಆರಿಸಬೇಕು.

ಹುಡುಗ ಬಂದ ಆಂಟೇರಿಯೋ ಪ್ರಾಂತದಲ್ಲಿ ಆಲ್ಗಾಂಕ್ವಿನ್ ಎಂಬ ಉದ್ಯಾನವಿದೆ, 1893ರಲ್ಲಿ ಸ್ಥಾಪಿತವಾದದ್ದು, ಅದರೊಳಗೆ ಎರಡು ಸಾವಿರಕ್ಕೂ ಹೆಚ್ಚು ಸರೋವರಗಳು. ಅಲ್ಲಿ ಕಾಡಿನೊಳಗಿನ ಬಿಡಾರಕ್ಕೆ ಮೊದಲೇ ಅನುಮತಿ ಪಡೆಯಬೇಕು. ಒಂದು ಬಿಡಾರದಲ್ಲಿ ಒಂಬತ್ತು ಜನರಿಗಿಂತ ಹೆಚ್ಚು ಇರಕೂಡದು. ತಗಡಿನ ಡಬ್ಬಿ, ಗಾಜಿನ ಸೀಸೆಗಳನ್ನು ಒಯ್ಯಕೂಡದು. ಅಷ್ಟು ವಿಶಾಲವಾದ ಕಾಡಿಗೇ ಇಷ್ಟು ನಿಯಮವಿದ್ದರೆ, ಊರಿಗೊಂದು ಘಟ್ಟವಿರುವ ನಮ್ಮ ಹೊಳೆಗೆ ಇನ್ನೆಷ್ಟು ಇರಬೇಕು! ನಿಜವಾದ ಕಾಡು ಬೇಕೆನ್ನುವವರಿಗೆ ಕಾವೇರಿಯಲ್ಲಿಯೇ ಶಿವನಸಮುದ್ರದ ಕೆಳಗಿನ ಭಾಗವಿದೆ. 1987ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಆನೆ, ಮೊಸಳೆ, ನೀರುನಾಯಿಗಳ ಆ ನಾಡಿನಲ್ಲಿ ಮನಬಂದ ಕಡೆ ತಂಗಲು ಅವಕಾಶವಿಲ್ಲ. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಸರ್ಕಾರದ ಸಂಸ್ಥೆಯ ಶಿಬಿರಗಳಿವೆ; ಅಲ್ಲಿಯೇ ಉಳಿದು, ಅಲ್ಲಿಯವರ ಹರಿಗೋಲಿನಲ್ಲಿ ಹೋಗುವುದು ಕ್ರಮ.

ಈಗ ಹುಡುಗನ ಪ್ರಯಾಣಕ್ಕೆ ಬರುತ್ತೇನೆ. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿವೆ. ಅವನ ಮೊಮ್ಮಗ ಹರಿಗೋಲು ಇಟ್ಟುಕೊಂಡು ಮೀನು ಹಿಡಿಯುತ್ತಾನೆ. ಅವನನ್ನು ಕೇಳಲು ಹೋದಾಗ ನನ್ನ ಕಾಲು ಬಾಗಿಲಲ್ಲಿ ತಡೆಯಿತು. ಅವನು ಹಳೆಯದನ್ನು ಎತ್ತದೆ ಒಪ್ಪಿಕೊಂಡ. ಇಳಿಯುವ ಘಟ್ಟವನ್ನು ಮೂವರೂ ಹೋಗಿ ನೋಡಿ ಬಂದೆವು. ಅಂದು ಮುಳುಗಿದ್ದ ವಿದ್ಯಾರ್ಥಿಗೂ ತಿಳಿಸಿದೆ. ಆತ ಈಗ ತಲೆ ನರೆತ ಅಧ್ಯಾಪಕ. ಆ ಘಟನೆಯಾದ ಮರುವರ್ಷವೇ ಈಜು ಕಲಿತವನು. ಜೀವರಕ್ಷಕ ಅಂಗಿಗಳನ್ನು ತಾನೇ ಹೊತ್ತುಕೊಂಡು ಬಂದ.

ನವೆಂಬರಿನ ಕೊನೆಯ ವಾರ ಹೊರಡುವುದೆಂದು ಗೊತ್ತಾಗಿತ್ತು. ಎರಡು ದಿನ ಮೊದಲು ವಾಯುಭಾರ ಕುಸಿತದ ಮಳೆ ಬಂತು. ಹೊರಡುವ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಡಬ್ಬಿಗಳನ್ನೆಲ್ಲ ಕಟ್ಟಿ ಸೋಪಾನಕ್ಕೆ ತಂದಿದ್ದೆವು. ಅಂಬಿಗ ನೀರನ್ನು ನೋಡಿ, "ಇವತ್ತು ಬ್ಯಾಡ ಸಾರ್. ಎರಡು ಮೆಟ್ಟಿಲು ಏರೈತೆ" ಎಂದ. ಹುಡುಗನ ಮುಖ ಬಾಡಿತು. ನಾನು ಒಂದು ಮಾತನ್ನೂ ಆಡದೆ ಡಬ್ಬಿಗಳನ್ನು ಎತ್ತಿಕೊಂಡು ಮನೆಗೆ ನಡೆದೆ. ದಾರಿಯಲ್ಲಿ 1986ರ ಕಥೆಯನ್ನು ಹುಡುಗನಿಗೆ ಹೇಳಿದೆ. ಹೊಳೆಗೆಂದು ಕಟ್ಟಿದ ಬುತ್ತಿಯನ್ನು ಸೋದರಮಾವನ ಮನೆಯ ಜಗಲಿಯ ಮೇಲೆ ಕುಳಿತು ಉಂಡೆವು.

ಹೊಳೆ ಎಲ್ಲಿಗೂ ಓಡಿಹೋಗಲಿಲ್ಲ. ಹದಿನೈದು ದಿನ ಕಳೆದು ಮಾರ್ಗಶಿರದಲ್ಲಿ ಹೊರಟೆವು. ಬೆಳಗಿನ ಮಂಜು ನೀರಿನಿಂದ ಏಳುತ್ತಿತ್ತು. ದಡದ ಮೇಲೆ ನಿಂತು ಹೊಳೆಯನ್ನು ನೋಡಿದವರೇ ನಾವೆಲ್ಲ. ಹರಿಗೋಲಿನಲ್ಲಿ ಕುಳಿತಾಗ ಹೊಳೆ ನಿಂತು ದಡ ಹರಿಯುವಂತೆ ಕಾಣುತ್ತದೆ. ಊರುಗಳು ಬೆನ್ನು ತೋರಿಸುತ್ತವೆ: ಬಟ್ಟೆ ಒಗೆಯುವ ಕಲ್ಲು, ದನ ಇಳಿಯುವ ದಾರಿ, ಬೆಣ್ಣೆಯಂಥ ಗದ್ದೆಯ ಮಣ್ಣು, ಬಾಗಿದ ತೆಂಗು. ಹರಿಗೋಲು ತಾನಾಗಿ ತಿರುಗುವುದರಿಂದ ಕತ್ತು ಹೊರಳಿಸದೆಯೇ ನಾಲ್ಕು ದಿಕ್ಕೂ ಒಂದೊಂದಾಗಿ ಎದುರಿಗೆ ಬರುತ್ತವೆ. ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ನಾವು ಹತ್ತಿರ ಬಂದರೂ ಹಾರಲಿಲ್ಲ. ರಾತ್ರಿ ಅಡಕೆ ತೋಟದಂಚಿನ ದಿಣ್ಣೆಯ ಮೇಲೆ ಮಲಗಿದಾಗ, ದೂರದ ಕಲ್ಲುಗಳ ನಡುವೆ ನೀರು ಒಂದೇ ಸ್ವರವನ್ನು ಹಿಡಿದು ಮೀಟುತ್ತಿದ್ದಂತೆ ಕೇಳಿಸಿತು. ತಂಬೂರಿಯ ಊರಿನಿಂದ ಹೊರಟವರಿಗೆ ಅದು ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮರುದಿನ ಮಧ್ಯಾಹ್ನ, ಗುರುತಿಟ್ಟುಕೊಂಡಿದ್ದ ಆಲದ ಮರ ಕಂಡಿತು. ಮೊದಲು ಕಂಡವನು ನನ್ನ ಹಳೆಯ ವಿದ್ಯಾರ್ಥಿ. ಅಂಬಿಗ ನಾಲ್ಕು ಬಾರಿ ಹುಟ್ಟು ಹಾಕಿ ಹರಿಗೋಲನ್ನು ದಡಕ್ಕೆ ತಂದು ನಿಲ್ಲಿಸಿದ. ಅನಂತರ ಅದನ್ನು ತಲೆಯ ಮೇಲೆ ಹೊತ್ತು, ಕಾದಿದ್ದ ಟೆಂಪೋದ ಕಡೆಗೆ ಏರು ಹತ್ತತೊಡಗಿದ. ಹುಡುಗ ಓಡಿಹೋಗಿ ಒಂದು ಅಂಚಿಗೆ ಕೈಕೊಟ್ಟ. ಇನ್ನೊಂದು ಅಂಚಿಗೆ ನಾನು ಕೊಟ್ಟೆ.

(ಬಾನುಲಿ ಭಾಷಣ)